ಬೊಂಬಾಯಕ್ಕನ ಹಾಸಿಗೆ

ಮಂಡಿಯೂರಿದಾಗ ಈ ಸಲ ನೆಲ ತಾಗಲಿಲ್ಲ. ಲಾಯದ ನೆಲಕ್ಕೆ ಹಾಸಿದ್ದ, ಕೀಸಿದ ಮರದ ಸುರುಳಿಗಳು ಕರಕರ ಎನ್ನುತ್ತ ಒತ್ತಿಕೊಂಡು, ಒಂದು ಹದದಲ್ಲಿ ನಿಂತು, ಅವನ ಭಾರವನ್ನು ತಮ್ಮತಮ್ಮಲ್ಲೇ ಹಂಚಿಕೊಂಡವು. ಹೃಷಿಕೇಶ ಉರಾಳ ಎದ್ದು ಇನ್ನೊಮ್ಮೆ ದಬಕ್ಕನೆ ಬಿದ್ದು ನೋಡಿದ. ಇಲ್ಲ, ತಾಗಲಿಲ್ಲ. 'ನಿಮ್ಮ ಮಂಡಿಗೆ ಸಿಮೆಂಟು ತಾಗಿದ್ರೆ ಅವಳ ಮಂಡಿಗೂ ತಾಗ್ತದೆ, ಅಷ್ಟೇ ಪರೀಕ್ಷೆ' ಎಂದು ಬೈಂದೂರಿನ ಪಶುವೈದ್ಯೆ ಚೇತನಾ ಹೇಳಿಹೋದಂದಿನಿಂದ ಬೆಳಗಾದರೆ ಲಾಯದ ನಡುವೆ ಮಂಡಿಯೂರುವುದು ಅವನ ನಿತ್ಯವಿಧಿಯಾಗಿತ್ತು. ಸಾಲಿಗ್ರಾಮದ ಮನೆಯಲ್ಲಿದ್ದಾಗ ದೇವರ ಕೋಣೆಯ ಕಡೆಗೆ ಬಸ್ ಕಂಡಕ್ಟರನಿಗೆ ಕೈ ಮಾಡುವಂತೆ ಒಂದು ಕೈ ಎತ್ತಿ ಹೊರಗೋಡುತ್ತಿದ್ದವನು ಈಗ ಲದ್ದಿಯ ವಾಸನೆಯಲ್ಲಿ ಇಷ್ಟು ನಿಷ್ಠೆಯಿಂದ ಅಡ್ಡಬೀಳುವುದನ್ನು ಯಾರಾದರೂ ಕಂಡರೆ ಏನು ಗತಿ ಎಂದುಕೊಂಡ. ಕಾಣುವವಳು ಮೂಲೆಯಲ್ಲಿ ನಿಂತೇ ಇದ್ದಳು, ಒಂದು ಕಿವಿಯನ್ನು ಮಾತ್ರ ಅವನ ಕಡೆ ತಿರುಗಿಸಿಕೊಂಡು. ಬಿಳಿ ಹೆಣ್ಣು ಕುದುರೆ. ಕಾಗದಪತ್ರದಲ್ಲಿ ಅವಳಿಗೆ ಯಾವುದೋ ಉದ್ದದ ಇಂಗ್ಲಿಷ್ ಹೆಸರಿತ್ತು. ರೇಸಿನಿಂದ ನಿವೃತ್ತಳಾಗಿ ಮುಂಬಯಿಯಿಂದ ಲಾರಿಯಲ್ಲಿ ಬಂದಿಳಿದ ದಿನವೇ ಊರವರು ಅದನ್ನು ಅಳಿಸಿ ಬೊಂಬಾಯಕ್ಕ ಎಂದು ಕರೆದುಬಿಟ್ಟಿದ್ದರು.

ಅವನು ಎದ್ದು ಅವಳ ಮೈಯನ್ನು ಹುಡುಕತೊಡಗಿದ. ಬಾಲದಲ್ಲಿ, ಕತ್ತಿನ ಕೂದಲಲ್ಲಿ, ಪಕ್ಕೆಯಲ್ಲಿ ಎಲ್ಲಾದರೂ ಒಂದು ಸುರುಳಿ ಸಿಕ್ಕಿಕೊಂಡಿದ್ದರೆ ರಾತ್ರಿ ಮಲಗಿದ್ದಾಳೆ ಎಂದು ಅರ್ಥ. ಇರಲಿಲ್ಲ. ಬಾಲ ಈಗಷ್ಟೇ ಬಾಚಿದಂತೆ ಶುಚಿಯಾಗಿತ್ತು. ಮುಂಗಾಲುಗಳ ಮಂಡಿಯ ಮೇಲೆ ಮಾತ್ರ, ಒಣಗುತ್ತಿದ್ದ ಗಾಯದ ಅಂಚಿಗೆ, ಎರಡು ಸಣ್ಣ ಸುರುಳಿ ಅಂಟಿದ್ದವು. ಅಂದರೆ ನಿನ್ನೆಯೂ ನಿಂತಲ್ಲೇ ಕುಸಿದಿದ್ದಾಳೆ, ಬೆಚ್ಚಿ ಎದ್ದಿದ್ದಾಳೆ, ಮತ್ತೆ ನಿಂತಿದ್ದಾಳೆ. ಬಿದ್ದದ್ದು ಮೆತ್ತಗೆ ಎನ್ನುವುದಷ್ಟೇ ಅವನ ಇಷ್ಟು ದಿನದ ದುಡಿಮೆಯ ಫಲ. ಅವಳು ಇನ್ನೂ ನೆಲವನ್ನು ನಂಬಿರಲಿಲ್ಲ. ಮತ್ತು ಇವತ್ತು ಮಧ್ಯಾಹ್ನ ದೇವಸ್ಥಾನದ ಗಂಟೆಯ ಹೊತ್ತಿಗೆ ಅವಳನ್ನು ಹೊರಗೆ ತಂದು, ಅಂಗಳದ ಹೊನ್ನೆಮರಕ್ಕೆ ಮೋಟು ಹಗ್ಗದಲ್ಲಿ ಕಟ್ಟಿ, ಮುಂಬಯಿಯಲ್ಲಿ ಹೋಟೆಲು ನಡೆಸುವ ಧಣಿ ಉಲ್ಲಾಸ್ ಶೆಟ್ಟರ ತಾಯಿಯ ಕಣ್ಣೆದುರು ಮುರಕಲ್ಲಿನ ಹಾಸಿನ ಮೇಲೆ ಬೀಳಿಸಬೇಕಾಗಿತ್ತು. ಬೀಳಿಸುವುದು ಎಂದು ಯಾರೂ ಹೇಳುತ್ತಿರಲಿಲ್ಲ. ನಮಸ್ಕಾರ ಮಾಡಿಸುವುದು ಎನ್ನುತ್ತಿದ್ದರು. ಆ ಮಾತನ್ನು ಹುಟ್ಟಿಸಿದವನು ಅವನೇ.

ಮೊದಲ ಸಲ ಆದದ್ದು ಎಷ್ಟು ಸಲೀಸಾಗಿ ಆಗಿಹೋಯಿತು! ಅವನು ನೋಡಿಕೊಳ್ಳುವ ಕಿರಿಮಂಜೇಶ್ವರದ ಕಡಲಂಚಿನ ಈ ಹೋಂಸ್ಟೇಗೆ ಶೆಟ್ಟರು ಕುದುರೆ ತರಿಸಿದ್ದು ಮದುಮಕ್ಕಳ ಫೋಟೋಕ್ಕೆಂದು. ಮರಳಿನ ಮೇಲೆ, ಸೂರ್ಯಾಸ್ತದಲ್ಲಿ, ಪೇಟ ಕಟ್ಟಿಕೊಂಡ ಮದುಮಗ. ಒಂದು ಮಧ್ಯಾಹ್ನ ಅತಿಥಿಗಳು ಊಟ ಮುಗಿಸಿ ಜಗಲಿಯಲ್ಲಿ ಹಲ್ಲಿಗೆ ಕಡ್ಡಿ ಹಾಕುತ್ತ ನಿಂತಿದ್ದರು, ಆಚೆ ದೇವಸ್ಥಾನದಲ್ಲಿ ಮಹಾಪೂಜೆಯ ಗಂಟೆ ಶುರುವಾಯಿತು, ಹೊನ್ನೆಮರದಡಿಯ ಬೊಂಬಾಯಕ್ಕ ಮೆಲ್ಲಗೆ ತಲೆ ತಗ್ಗಿಸಿ, ಮುಂಗಾಲು ಮಡಚಿ, ಹಣೆಯನ್ನು ನೆಲಕ್ಕೆ ತಾಗಿಸಿ, ತಟ್ಟನೆ ಎದ್ದು ನಿಂತಳು. ಎಲ್ಲರೂ ಮೂಕರಾದರು. ಮೌನವೊಂದು ಬಿದ್ದರೆ ಅದನ್ನು ಹಾಗೇ ಬಿಡುವುದು ಹೃಷಿಕೇಶನಿಂದ ಎಂದೂ ಆದದ್ದಿಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಗಂಗೊಳ್ಳಿಯ ಮೀನು ಹರಾಜಿನವರೆಗೆ ಎಲ್ಲವನ್ನೂ ಅಣಕಿಸಲು ಗಂಟಲಲ್ಲಿ ಇಟ್ಟುಕೊಂಡು ತಿರುಗಿದವನು ಅವನು. ಅರ್ಚಕರ ದಪ್ಪ ದನಿಯಲ್ಲಿ 'ಓಡಿ ಓಡಿ ದಣಿದ ಮೇಲೆ ಎಲ್ಲರೂ ನಮಸ್ಕಾರಕ್ಕೆ ಬರುವುದು ಇಲ್ಲಿಗೇ, ಭಗವಂತಾ!' ಎಂದ. ನಗಬೇಕೆಂದೇ ಹೇಳಿದ್ದು. ಯಾರೂ ನಗಲಿಲ್ಲ. ಒಬ್ಬಾಕೆ ಸೆರಗು ಹೊದ್ದು ಕೈಮುಗಿದಳು. ಸಂಜೆಯೊಳಗೆ ವಿಡಿಯೋ ಊರೆಲ್ಲ ಸುತ್ತಿತು, ಮರುವಾರ ಬಾಳೆಗೊನೆ, ಬೆಲ್ಲ, ಹೂವಿನ ಮಾಲೆ ಬಂದವು, ಕೋಣೆಗಳೆಲ್ಲ ಭರ್ತಿ. ಅವಳು ಬಿದ್ದಾಗೆಲ್ಲ ಗಂಟೆ ಬಾರಿಸುತ್ತಿರಲಿಲ್ಲ, ಗಂಟೆ ಬಾರಿಸಿದಾಗೆಲ್ಲ ಅವಳು ಬೀಳುತ್ತಿರಲಿಲ್ಲ. ಆದರೆ ಬಿದ್ದ ದಿನ ಮಾತ್ರ ಜನರಿಗೆ ನೆನಪುಳಿಯುತ್ತಿತ್ತು. ಬೀಳದ ದಿನ ಅವನೇ ಅಂಗಳದಲ್ಲಿ ನಿಂತು ಆಕೆ ಹೇಗೆ ನಮಸ್ಕರಿಸುತ್ತಾಳೆಂದು ಮಾಡಿ ತೋರಿಸುತ್ತಿದ್ದ. ಅದಕ್ಕೂ ಚಪ್ಪಾಳೆ ಬೀಳುತ್ತಿತ್ತು.

ಚೇತನಾಳಿಗೂ ಅದನ್ನೇ ಮಾಡಿ ತೋರಿಸಿದ್ದು. ಮಂಡಿಯ ಗಾಯ ಕೀವಾದಾಗ ಆಕೆ ಸ್ಕೂಟರಿನಲ್ಲಿ ಬಂದಿದ್ದಳು. 'ಇದು ಹೇಗೆ ತರಚಿದ್ದು?' ಎಂದಳು. 'ಭಕ್ತಿಯಿಂದ ಡಾಕ್ಟ್ರೆ' ಎಂದು ಅವನು ಅಂಗಳದ ನಡುವೆ ಹೋಗಿ ನಿಂತ. ರೆಪ್ಪೆಯನ್ನು ಅರ್ಧ ಇಳಿಸಿದ. ಕೆಳದುಟಿಯನ್ನು ಸಡಿಲ ಬಿಟ್ಟ. ಕುತ್ತಿಗೆ ಇಳಿಯಿತು, ಇನ್ನೂ ಇಳಿಯಿತು, ಮೈ ಒಮ್ಮೆ ಮುಂದಕ್ಕೆ ತೂಗಿತು, ಬಲಮಂಡಿ ಮಡಚಿತು, ಎಡಮಂಡಿ ಮಡಚಿತು, ಹಣೆ ನೆಲದತ್ತ ಹೋಯಿತು, ಕಣ್ಣು ಅಗಲಿಸಿ ದಡಕ್ಕನೆ ಎದ್ದ. ಲಾಯದ ಕೆಲಸದ ಸೋಮ ಪೊರಕೆ ಬಗಲಲ್ಲಿಟ್ಟು ಚಪ್ಪಾಳೆ ತಟ್ಟಿದ. 'ನೀವ್ ಮಾಡುದೇ ಚಂದ ಮಾರ್ರೆ, ಅದ್ಕಿಂತ!' ಚೇತನಾ ನಗಲಿಲ್ಲ. 'ಇನ್ನೊಮ್ಮೆ ಮಾಡಿ. ನಿಧಾನ. ಮೊದಲು ಯಾವುದು, ತುಟಿಯಾ, ಕುತ್ತಿಗೆಯಾ?' ಮಾಡಿದ. 'ಮಡಚುವ ಮೊದಲು ಕಣ್ಣು ಪೂರಾ ಮುಚ್ತದಾ?' ಮತ್ತೆ ಮಾಡಿದ. ಮೂರನೆಯ ಸಲಕ್ಕೆ ನೋಡುವವರು ಇದ್ದಾರೆನ್ನುವುದೇ ಮರೆತುಹೋಯಿತು. ಕಣ್ಣು ಭಾರವಾಗಿ, ತುಟಿ ಜೋತು, ಕತ್ತಿನ ಬೇರಿನಿಂದ ಶಕ್ತಿ ಸೋರಿಹೋಗುವ ಆ ನಡುವಿನಲ್ಲಿ ಅವನಿಗೆ ಒಳಗಿನಿಂದ ಗೊತ್ತಾಗತೊಡಗಿತು: ಇಲ್ಲಿ ದೇವರೂ ಇಲ್ಲ, ಗಂಟೆಯೂ ಇಲ್ಲ, ಕತ್ತಲೆಯ ಬಾವಿಯೊಂದು ಕೆಳಗಿನಿಂದ ಎಳೆಯುತ್ತಿದೆ, ಜಗ್ಗಿ ಜಗ್ಗಿ ಎಳೆಯುತ್ತಿದೆ, ಬೀಳಬಾರದು ಬೀಳಬಾರದು ಎಂದು ಯಾರೋ ನಿಂತಿದ್ದಾರೆ. ಎದ್ದಾಗ ಅವನ ಮುಖ ಬೆವತಿತ್ತು. 'ನಮಸ್ಕಾರ ಅಲ್ಲ ಅದು. ನಿದ್ದೆ' ಎಂದಳು ಚೇತನಾ. ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೆ ಗಾಢವಾದ ನಿದ್ದೆ ಸ್ವಲ್ಪವಾದರೂ ಬೇಕು, ಅದಕ್ಕೆ ಮಲಗಲೇಬೇಕು. ಮಲಗಲು ಹೆದರಿಕೆಯಾದರೆ ನಿಂತೇ ಇರುತ್ತದೆ, ನಿದ್ದೆ ಮೇಲೇರಿ ಬಂದಾಗ ಹೀಗೆ ಕುಸಿಯುತ್ತದೆ. 'ಇವಳು ಇಲ್ಲಿಗೆ ಬಂದ ಮೇಲೆ ಮಲಗಿದ್ದನ್ನ ನೀವು ಕಂಡಿದ್ದೀರಾ?' ಇಲ್ಲ. ಯಾರೂ ಕಂಡಿರಲಿಲ್ಲ. ಕಂಡಿಲ್ಲವೆಂದು ಯಾರಿಗೂ ಹೊಳೆದಿರಲೂ ಇಲ್ಲ. ಚೇತನಾ ಲಾಯದ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಸಿಮೆಂಟು ಕನ್ನಡಿಯಂತೆ ಹೊಳೆಯುತ್ತಿತ್ತು. ಅದೇ ಅವರೆಲ್ಲರ ಹೆಮ್ಮೆ. ಹೋಟೆಲಿನವರ ಲಾಯವಲ್ಲವೇ, 'ನೆಲಕ್ಕ್ ಇಡ್ಲಿ ಬಿದ್ರೆ ಎತ್ತಿ ತಿಂಬಂಗಿರ್ಕ್' ಎಂದು ಶೆಟ್ಟರು ಮುಂಬಯಿಯಿಂದ ಅಪ್ಪಣೆ ಕೊಡಿಸಿದ್ದರು, ಸೋಮ ದಿನಾ ಬೆಳಿಗ್ಗೆ ಪೈಪು ಹಿಡಿದು ಫಿನಾಯಿಲು ಹಾಕಿ ತೊಳೆದು ತಿಕ್ಕುತ್ತಿದ್ದ, ಹೃಷಿಕೇಶ ಅದರ ವಿಡಿಯೋ ತೆಗೆದು ಕಳಿಸುತ್ತಿದ್ದ, ಕೊನೆಗೆ ಚಂದಕ್ಕೆಂದು ಕೋಸಂಬರಿಗೆ ಕಾಯಿತುರಿ ಉದುರಿಸಿದಂತೆ ಒಂದು ಬೊಗಸೆ ಮರದ ಸುರುಳಿ. 'ನೀವೇ ಮಲಗ್ತೀರಾ ಇದರ ಮೇಲೆ?' ಎಂದಳು ಚೇತನಾ, ಅಷ್ಟೇ.

ಅವಳು ಹೋದ ಮೇಲೆ ಅವನು ತುಂಬ ಹೊತ್ತು ಬೊಂಬಾಯಕ್ಕನನ್ನು ನೋಡುತ್ತ ನಿಂತಿದ್ದ. ಮಳೆಗಾಲವಿಡೀ ಇವಳು ನಿಂತಿದ್ದಳು. ಕಡಲು ಗೋಡೆಯಾಚೆ ಗುಡುಗುವಾಗ, ಕೊಂಕಣ ರೈಲು ಕೂಗಿ ಹಾಯುವಾಗ, ಅವನು ತನ್ನ ಕೋಣೆಯಲ್ಲಿ ಫ್ಯಾನಿನಡಿ ಅಂಗಾತ ಬಿದ್ದು ಗೊರಕೆ ಹೊಡೆಯುವಾಗ, ಇವಳು ಒದ್ದೆ ಸಿಮೆಂಟಿನ ಮೇಲೆ ನಾಲ್ಕು ಕಾಲೂರಿ, ಅಷ್ಟು ದೊಡ್ಡ ಮೈಯನ್ನು ಹೊತ್ತು, ನಿದ್ದೆಯನ್ನು ಹೊತ್ತು. ದೂರಿರಲಿಲ್ಲ. ದೂರುವ ದನಿಯೇ ಅವಳಿಗಿಲ್ಲವೇನೋ. ಮತ್ತೆ ಹಗಲಾದರೆ ತಾನು ಎಲ್ಲರೆದುರು ಅವಳ ಕುಸಿತವನ್ನೇ ಅಷ್ಟು ಕರಾರುವಾಕ್ಕಾಗಿ, ತುಟಿಯ ಜೋಲು ಕೂಡ ತಪ್ಪದೆ! ಇಷ್ಟೂ ಕಂಡಿದ್ದ ಕಣ್ಣು ಏನನ್ನೂ ಕಂಡಿರಲಿಲ್ಲವಲ್ಲ ಎಂದು ಅವನಿಗೆ ತನ್ನ ಮುಖದ ಬಗ್ಗೆಯೇ ನಾಚಿಕೆಯಾಯಿತು. ಎಲ್ಲರ ಮುಖವನ್ನೂ ಎರವಲು ಪಡೆದ ಆ ಮುಖವನ್ನು ಎಲ್ಲಿ ಅಡಗಿಸುವುದೆಂದು ತಿಳಿಯದೆ ಅವಳ ಕತ್ತಿಗೆ ಒರಗಿಸಿದ. ಅವಳು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ.

'ಹ್ವಾಯ್ ಉರಾಳ್ರೆ, ಹಿಡಿನಿ!' ಸೋಮ ಈ ಬೆಳಗಿನ ಚೀಲಗಳನ್ನು ಬಾಗಿಲಲ್ಲಿ ಒಗೆದ. ಗಂಗೊಳ್ಳಿಯ ದೋಣಿ ಕಟ್ಟುವ ಶೆಡ್ಡಿನಿಂದ ಬಂದ ಮರದ ಸುರುಳಿ. ಮೊದಲ ದಿನ ಸೋಮ ಫೋನು ಮಾಡಿ ಶೇವಿಂಗ್ಸ್ ಬೇಕು ಎಂದದ್ದಕ್ಕೆ ಆಚೆಯವರು 'ಸಲೂನಿಗ್ ಹೋಯ್ನಿ' ಎಂದು ಇಟ್ಟುಬಿಟ್ಟಿದ್ದರಂತೆ. ಈಗ ಅವರಿಗೂ ರೂಢಿಯಾಗಿತ್ತು. ಬಂದದ್ದನ್ನೆಲ್ಲ ಹಾಗೇ ಸುರಿಯುವಂತಿಲ್ಲ. ಟಾರ್ಪಾಲಿನ ಮೇಲೆ ಹರಡಿ, ಮೊಳೆ, ಬಣ್ಣದ ಚೂರು, ಪ್ಲೈವುಡ್ಡಿನ ಸಿಬರು ಆರಿಸಿ, ಸಣ್ಣ ಹುಡಿಯನ್ನು ಜರಡಿಯಲ್ಲಿ ಬೇರೆ ಮಾಡಿ, ಕಡಲಗಾಳಿಯ ತೇವ ಹೋಗುವವರೆಗೆ ಬಿಸಿಲಿಗೆ ಹಾಕಬೇಕು. ಹುಡಿ ಉಳಿದರೆ ಅವಳು ಕೆಮ್ಮುತ್ತಾಳೆ, ತೇವ ಉಳಿದರೆ ಬೂಸು ಹಿಡಿಯುತ್ತದೆ. ಹಿಡಿಯಲ್ಲಿ ಹಿಂಡಿ ಬಿಟ್ಟರೆ ಹೂವಿನಂತೆ ಬಿಚ್ಚಿಕೊಳ್ಳಬೇಕು. ಸೋಮನಿಗೆ ಇದೆಲ್ಲ ಅಪಚಾರವಾಗಿ ಕಾಣುತ್ತಿತ್ತು. ಹಿಡಿಸೂಡಿ ಹಿಡಿದವನ ಕೈಗೆ ಗುಡಿಸಬೇಡ ಎಂದರೆ ಅದು ಎಂಥ ಕೆಲಸ? 'ಎಂತ ಮಾರ್ರೆ, ಕುದ್ರಿಗೆ ಹಾಸ್ಗಿ, ದಿಂಬು! ನಾಳೆ ಸೊಳ್ಳೆ ಪರ್ದೆ ಕೇಂತ್ರಿ. ಜನ ಬಂದ್ ಕಂಡ್ರೆ ಕಸ ತೆಗುದಿಲ್ಯಾ ಅಂಬ್ರ್.' 'ಕಸ ತೆಗೆಯುವುದೇ, ಕಂಡು ತೆಗೆಯುವುದು' ಎಂದು ಹೃಷಿಕೇಶ ಉದ್ದ ಹಿಡಿಯ ಫೋರ್ಕನ್ನು ಎತ್ತಿಕೊಂಡ. ಲದ್ದಿಯ ಅಡಿಗೆ ಅದನ್ನು ತೂರಿಸಿ, ಎತ್ತಿ, ಮೊಣಕೈಯಿಂದ ಸಣ್ಣಗೆ ಅಲುಗಿಸಿದರೆ ಒಣಸುರುಳಿ ಹಲ್ಲುಗಳ ಸಂದಿಯಿಂದ ಉದುರಿ ಗುಂಡುಗಳು ಮಾತ್ರ ಉಳಿಯುತ್ತವೆ. 'ಹೋಟ್ಲ್ ಶೆಟ್ರ ಕುದ್ರಿ ಅಲ್ದಾ, ಲದ್ದಿ ತೆಗುಕೂ ಫೋರ್ಕೇ ಆಯ್ಕ್' ಎಂದ ಸೋಮ, ಮತ್ತು ತನ್ನ ಮಾತಿಗೆ ತಾನೇ ನಕ್ಕು ತಟ್ಟೆ ತೊಳೆಯಲು ಹೋದ. ಹೃಷಿಕೇಶ ಒದ್ದೆಯ ಜಾಗ ಹುಡುಕಿ ಅಗೆದ. ಮೇಲೆ ಏನೂ ಕಾಣದಿದ್ದರೂ ಅಡಿಯಲ್ಲಿ ಅದು ಬಟ್ಟಲಿನಂತೆ ಹರಡಿರುತ್ತದೆ. ಅಷ್ಟನ್ನೇ ತೆಗೆದು, ನೆಲ ಆರಲು ಬಿಟ್ಟು, ಗೋಡೆಯುದ್ದಕ್ಕೂ ದಿಣ್ಣೆಯಂತೆ ಒಟ್ಟಿದ್ದ ಒಣಸುರುಳಿಯನ್ನು ಒಳಕ್ಕೆ ಎಳೆದು, ದಿಣ್ಣೆಗೆ ಹೊಸದು ಸೇರಿಸಿದ. ಮಲಗಿ ಹೊರಳಿದವಳ ಕಾಲು ಗೋಡೆಗೆ ಸಿಕ್ಕಿ ಏಳಲಾಗದೆ ಹೋಗಬಾರದೆಂದು ಆ ದಿಣ್ಣೆ. ಮಲಗಿದವಳ! ಮಲಗಿಯೇ ಇಲ್ಲದವಳಿಗೆ ಹೊರಳುವುದರ ವ್ಯವಸ್ಥೆ. ಬಾರದ ನೆಂಟರಿಗೆ ದಿನಾ ಎಲೆ ಹಾಕಿದಂತೆ.

ಮೂತ್ರದ ಘಾಟು ನಿಂತವರ ಮೂಗಿಗೆ ಬರುವುದಿಲ್ಲ, ಮಲಗುವವರ ಮೂಗಿಗೆ ಬರುತ್ತದೆ. ಅದನ್ನು ನೋಡಲೆಂದು ಅವನು ಬಾಗಿದ, ಬಾಗಿದವನು ಮಂಡಿಯೂರಿದ, ಮಂಡಿಯೂರಿದವನಿಗೆ ಏನನ್ನಿಸಿತೋ, ಮಗ್ಗುಲಾಗಿ ಮಲಗಿಯೇಬಿಟ್ಟ. ಘಾಟಿರಲಿಲ್ಲ. ಹಸಿ ಮರದ, ಬಿಸಿಲಿನ, ಎಲ್ಲೋ ಒಂದಿಷ್ಟು ಉಪ್ಪಿನ ವಾಸನೆ. ಸುರುಳಿಗಳು ಕಿವಿಯಲ್ಲಿ ಪಿಸುಗುಟ್ಟಿದವು. ಕೆಳಗಿನಿಂದ ಲಾಯ ಬೇರೆಯೇ ಆಗಿತ್ತು. ಬಾಗಿಲಿನ ಅಡಿಯಲ್ಲಿ ಒಂದು ಗೇಣಿನ ಸಂದು, ಅದರಾಚೆ ಅಂಗಳ, ಅಂಗಳದಲ್ಲಿ ಬರಿಯ ಕಾಲುಗಳು. ಮೈಯಿಲ್ಲದ, ಮುಖವಿಲ್ಲದ ಕಾಲುಗಳು, ಚಪ್ಪಲಿಗಳು, ನಿಂತು ನಡೆದು ಮತ್ತೆ ನಿಂತು. ರಾತ್ರಿ ಅತಿಥಿಗಳು ಮೊಬೈಲಿನ ಬೆಳಕನ್ನು ಇದೇ ಸಂದಿನಿಂದ ತೂರಿಸುತ್ತಿದ್ದುದು ಅವನಿಗೆ ನೆನಪಾಯಿತು. ನಿಂತಿರುವವಳಿಗೆ ಅದು ಕಾಣುವುದಿಲ್ಲ. ಮಲಗಿದರೆ ಕಣ್ಣಿಗೇ. ಅವಳಿಗೆ ಇದು ಗೊತ್ತಿದೆ. ಎಂದೋ ಒಮ್ಮೆ ಮಲಗಲು ಬಾಗಿ, ಕಂಡು, ಎದ್ದಿರಬೇಕು. ಅವನು ಮಲಗಿದಲ್ಲಿಂದ ತಲೆಯೆತ್ತಿದ. ಬೊಂಬಾಯಕ್ಕ ಕತ್ತು ಚಾಚಿ ಅವನ ಕೂದಲನ್ನು ಮೂಸುತ್ತಿದ್ದಳು. ಕೆಳಗಿನಿಂದ ನೋಡಿದರೆ ಅವಳು ಎಷ್ಟು ಎತ್ತರ! ಗಂಟಲಿನ ಬಿಳುಪಿನಿಂದ ಎದೆಯ ಬಿಳುಪಿಗೆ ಇಳಿದು ಬಂದ ಗೋಪುರದಂಥ ಮೈ, ಅದರ ತುದಿಯಲ್ಲಿ ಎರಡು ಕಪ್ಪು ಮೂಗಿನ ಹೊಳ್ಳೆ, ಬಿಸಿ ಉಸಿರು. ಇಷ್ಟನ್ನೂ ಮಡಚಿ ನೆಲಕ್ಕಿಳಿಸುವುದೆಂದರೆ ಸಣ್ಣ ಸಾಹಸವೇ? ಮಲಗಿದ ಮೇಲೆ ಓಡಲು ಏಳಬೇಕಾದರೆ ಆ ನಡುವಿನ ಗಳಿಗೆ ಯಾರ ಕೈಯಲ್ಲಿ? ಅವನು ಎದ್ದು ಉಳಿದ ಚೀಲವನ್ನೆಲ್ಲ ಬಾಗಿಲ ಸಂದಿಗೆ ಸುರಿದು, ಒದ್ದು, ಗಟ್ಟಿಮಾಡಿದ. ಕಾಲುಗಳು ಮಾಯವಾದವು.

ಶೆಟ್ಟರ ಫೋನು ಬಂದಾಗ ಬಿಸಿಲು ಏರಿತ್ತು. 'ಉರಾಳ್ರೆ, ನಾವ್ ಬೈಂದೂರ್ ಸ್ಟೇಷನ್ನಗಿತ್ತ್. ಅಮ್ಮ ರೈಲಗೆ ಕಣ್ ಮುಚ್ಚಿ ಒಂಚೂರೂ ವರ್ಗಲಿಲ್ಲ. ಕುದ್ರಿ ಕಾಂಬುಕೆ ಬಂದದ್ದೇ ಅದ್. ಗಂಟಿ ಹೊತ್ತಿಗ್ ರೆಡಿ ಮಾಡಿ, ಹಾಂ?' ಹೃಷಿಕೇಶ ಬಾಯಿ ತೆರೆದ. ಶೆಟ್ರೆ, ಒಂದು ಮಾತು, ಎನ್ನುವುದನ್ನು ಅವನು ದಿನವೂ ಅಭ್ಯಾಸ ಮಾಡಿದ್ದ. ತನ್ನ ದನಿಯಲ್ಲಿ ಹೇಳಿದರೆ ಸತ್ತ ಮೀನಿನಂತೆ ಬಿದ್ದುಕೊಳ್ಳುತ್ತಿತ್ತು, ಬೇರೆಯವರ ದನಿಯಲ್ಲಿ ಹೇಳಿದರೆ ಹಾಸ್ಯವಾಗುತ್ತಿತ್ತು. 'ಆಯ್ತು ಶೆಟ್ರೆ' ಎಂದ. ಫೋನು ಇಟ್ಟ ಮೇಲೆ ಅದೇ 'ಆಯ್ತು ಶೆಟ್ರೆ' ತನ್ನನ್ನೇ ಅಣಕಿಸುವಂತೆ ಬಾಯಲ್ಲಿ ಉಳಿಯಿತು.

ಅಂಗಳದಲ್ಲಿ ಆಗಲೇ ಜನ ಸೇರತೊಡಗಿದ್ದರು. ಒಬ್ಬರ ಕೈಯಲ್ಲಿ ಬಾಳೆಹಣ್ಣು, ಒಬ್ಬರ ಕೈಯಲ್ಲಿ ಫೋನು. ಹೃಷಿಕೇಶ ಹಗ್ಗ ಹಿಡಿದು ಲಾಯದೊಳಗೆ ಬಂದು, ಹಿಂದೆ ಅರ್ಧಬಾಗಿಲು ಹಾಕಿಕೊಂಡ. ಅವಳನ್ನು ಹೊರಗೆ ಕರೆದೊಯ್ಯುವುದೇ, ಬಿಡುವುದೇ, ಇನ್ನು ಮುಂದೂಡುವಂತಿರಲಿಲ್ಲ. ಬೊಂಬಾಯಕ್ಕ ಹಗ್ಗವನ್ನು ಕಂಡಳು. ಬರಲಿಲ್ಲ. ಮೂತಿ ತಗ್ಗಿಸಿ ಹಾಸಿಗೆಯನ್ನು ಮೂಸಿದಳು. ಸ್ವಲ್ಪ ಮುಂದೆ ಹೋಗಿ, ಬಾಗಿಲ ಬುಡದ ದಿಣ್ಣೆಯ ಬಳಿ ಮತ್ತೆ ಮೂಸಿದಳು. ಮುಂಗೊರಸಿನಿಂದ ಎರಡು ಸಲ ಕೆದಕಿದಳು, ಸುರುಳಿಗಳು ಹಾರಿ ಅವಳ ಎದೆಗೆ ಬಿದ್ದವು. ಆಮೇಲೆ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು. ಹೃಷಿಕೇಶ ಮೂಲೆಗೆ ಬೆನ್ನು ಹಚ್ಚಿ ನಿಂತ. ನಾಲ್ಕೂ ಕಾಲುಗಳು ಒಂದೆಡೆ ಹತ್ತಿರ ಹತ್ತಿರ ಬಂದವು, ಸಣ್ಣ ಪೀಠದ ಮೇಲೆ ನಿಂತವಳಂತೆ ಆದಳು. ಮಂಡಿ ನಡುಗಿತು. ಬೇಡ ಎಂದುಕೊಂಡಳೇನೋ, ತಲೆ ಎತ್ತಿ ಒಂದು ಸಲ ಅವನ ಕಡೆ ನೋಡಿದಳು. ಆ ನೋಟದಲ್ಲಿ ಪ್ರೀತಿಯೋ ನಂಬಿಕೆಯೋ ಇತ್ತೆಂದು ಅವನು ಆಮೇಲೆ ಎಂದೂ ಹೇಳಿಕೊಳ್ಳಲಿಲ್ಲ, ಅಲ್ಲಿದ್ದದ್ದು ಲೆಕ್ಕಾಚಾರ, ಜೀವಮಾನದ ಲೆಕ್ಕಾಚಾರ. ಮತ್ತೆ ಮಡಚಿದಳು. ಮುಂದಿನದು ಇಳಿಯಿತು, ಗಾಯದ ಮಂಡಿಗಳು ಸುರುಳಿಯೊಳಗೆ ಮುಳುಗಿದವು, ಮತ್ತು ಬೆಚ್ಚಲಿಲ್ಲ. ಹಿಂದಿನದು ದೊಡ್ಡ ಮನೆಯೊಂದು ಕುಳಿತಂತೆ ಭರ್ರನೆ ಇಳಿಯಿತು. ನೆಲ ಅದುರಿದ್ದು ಅವನ ಅಂಗಾಲಿಗೆ ತಿಳಿಯಿತು. ಎದೆಯ ಆಳದಿಂದ ಒಂದು ನರಳಿಕೆ ಬಂತು, ಹಳೆಯ ಬಾಗಿಲೊಂದು ಒಳಗಡೆಗೆ ತೆರೆದಂತೆ.

ಅವಳು ಮಲಗಿದ್ದಾಳೆ. ಕಾಲುಗಳನ್ನು ಅಡಿಗೆ ಸೇರಿಸಿ, ಕತ್ತು ನೆಟ್ಟಗೆ, ಇನ್ನೂ ಕಾವಲಿನಲ್ಲಿ. ಮೆಲ್ಲಗೆ ಮೂತಿ ಇಳಿದು ಸುರುಳಿಯ ಮೇಲೆ ಕೂತಿತು. ಹೊಳ್ಳೆಯ ಮುಂದಿನ ಎರಡು ಸುರುಳಿ ಉಸಿರಿಗೆ ಹೋದವು, ಬಂದವು. ರೆಪ್ಪೆ ಅರ್ಧ ಇಳಿಯಿತು, ತುಟಿ ಜೋತಿತು; ಅವನಿಗೆ ಬಾಯಿಪಾಠವಾಗಿದ್ದ ಆ ಎಲ್ಲ ಹೆಜ್ಜೆಗಳೂ ಒಂದೊಂದಾಗಿ ಬಂದವು, ಆದರೆ ಈ ಸಲ ಕೊನೆಯಲ್ಲಿ ಬೀಳುವುದಿರಲಿಲ್ಲ, ಬೀಳಲು ಎತ್ತರವೇ ಉಳಿದಿರಲಿಲ್ಲ. ಇಡೀ ಮೈ ಒಂದು ಮಗ್ಗುಲಿಗೆ ವಾಲಿ, ಕತ್ತು ಚಾಚಿಕೊಂಡು, ಕಾಲುಗಳು ನೀಳವಾಗಿ, ಅವಳು ಲಾಯದ ತುಂಬ ಹರಡಿಕೊಂಡಳು. ಹೊರಗೆ 'ಉರಾಳ್ರೆ!' ಎಂದು ಶೆಟ್ಟರ ದನಿ. ಕಾರು ಬಂದಿತ್ತು. ಉತ್ತರಿಸುವಂತಿಲ್ಲ, ಅಲುಗುವಂತಿಲ್ಲ, ಅವಳ ಗೊರಸು ಅವನ ಕಾಲಿನ ಬೆರಳಿನಿಂದ ಗೇಣುದ್ದದಲ್ಲಿತ್ತು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಒರೆಸಿಕೊಳ್ಳಲಿಲ್ಲ.

ಅರ್ಧಬಾಗಿಲಿನ ಮೇಲೆ ಒಂದು ನರೆತ ತಲೆ ಮೂಡಿತು. ಪ್ರಭಾವತಿಯಮ್ಮ. ಶೆಟ್ಟರಿಗಿಂತ ಮೊದಲು ಅವರ ತಾಯಿಯೇ ನಡೆದು ಬಂದಿದ್ದರು. ಒಳಗೆ ನೋಡಿದವರ ಕೈ ಬಾಯಿಗೆ ಹೋಯಿತು. 'ಅಯ್ಯೋ ದೇವ್ರೆ. ಸತ್ತ್ ಹೋಯ್ತಾ?' ಹೃಷಿಕೇಶ ತಲೆಯಾಡಿಸಿದ. 'ಇಲ್ಲ ಅಮ್ಮ. ವರಕ್' ಎಂದು ನಿದ್ದೆಗೆ ಅವರ ಕಡೆಯ ಮಾತನ್ನೇ ತುಟಿಯಲ್ಲಿ ಹೇಳಿದ. ಇಬ್ಬರೂ ಆ ಬಿಳಿ ಪಕ್ಕೆಯನ್ನು ನೋಡಿದರು. ಅದು ಇಳಿದಿತ್ತು. ಇಳಿದೇ ಇತ್ತು. ಇಷ್ಟು ಹೊತ್ತು ಇಳಿದಿರಬಹುದೇ ಎಂದು ಅವನಿಗೂ ಭಯವಾಗುವಷ್ಟರಲ್ಲಿ ಅದು ಕಡಲು ಉಬ್ಬುವಂತೆ ನಿಧಾನ ಮೇಲೆದ್ದಿತು, ತುದಿಯಲ್ಲಿ ನಿಂತಿತು, ಮತ್ತು ಲಾಯ ನಡುಗುವಂತೆ ಒಂದು ಗೊರಕೆ ಹೊರಟಿತು. ಪ್ರಭಾವತಿಯಮ್ಮನ ಕಣ್ಣು ಅರಳಿತು. 'ಇದ್ ಗೊರ್ಕಿ ಹೊಡಿತಿತ್ತಲ್ದಾ!' ಎಂದು ಪಿಸುಗುಟ್ಟಿದರು. 'ನಮ್ಮನಿಯವ್ರ್ ಹಿಂಗೇ.'

ಹೇಳುವುದಿದ್ದರೆ ಈಗ. ಅವನು ಹಗ್ಗವನ್ನು ಎದೆಗೆ ಒತ್ತಿಕೊಂಡ. 'ಅಮ್ಮ, ಅದು ನಮಸ್ಕಾರ ಮಾಡುವುದಲ್ಲ. ನಿದ್ದೆ ತಡೆಯದೆ ಬೀಳುವುದು. ಮಲಗಲು ನಾವು ಜಾಗ ಕೊಟ್ಟಿರಲಿಲ್ಲ. ನಮಸ್ಕಾರ ಅಂತ ಹೇಳಿದ್ದು ನಾನು. ನಗಿಸಲಿಕ್ಕೆ.' ಯಾರ ದನಿಯೂ ಅಲ್ಲದ ಒಂದು ಒಣ ಪಿಸುಮಾತು. ಅವನಿಗೇ ಅದರ ಗುರುತು ಹತ್ತಲಿಲ್ಲ. ಪ್ರಭಾವತಿಯಮ್ಮ ಅವನನ್ನು ನೋಡಿದರು. ಬಾಗಿಲ ಮೇಲೆ ಊರಿದ್ದ ಅವರ ಬೆರಳುಗಳು ಬಿಗಿದವು. 'ನಾನ್ ಇದ್ರ ಕಾಲಿಗ್ ಬೀಳ್ಕ್ ಅಂದೇಳಿ ಹರ್ಕಿ ಹೇಳ್ಕಂಡಿದ್ದೆ ಉರಾಳ್ರೆ. ವರ್ಷ ಆಯ್ತ್ ನಂಗ್ ಸಮ ವರಕ್ ಬಪ್ಪುದಿಲ್ಲ ಅಂದೇಳಿ.' ಅವನು ತಲೆ ತಗ್ಗಿಸಿದ. ಅವರು ಬಯ್ಯಲಿಲ್ಲ, ಹೋಗಲೂ ಇಲ್ಲ. ಆಗ ಕುದುರೆಯ ಕಾಲುಗಳು ಅಲುಗಿದವು. ಮೊದಲು ಒಂದು, ಆಮೇಲೆ ನಾಲ್ಕೂ, ಗಾಳಿಯಲ್ಲಿ, ಲಯವಾಗಿ. ರೆಪ್ಪೆಯಡಿ ಕಣ್ಣು ಓಡಾಡಿತು, ಹೊಳ್ಳೆ ಅರಳಿತು, ಗೊರಸುಗಳು ಸುರುಳಿಗಳನ್ನು ಸರಸರ ಸವರಿದವು. ಅವಳು ಓಡುತ್ತಿದ್ದಳು. ಮಲಗಿದಲ್ಲೇ, ಯಾರೂ ಬೆನ್ನ ಮೇಲೆ ಕೂರದೆ, ಯಾವ ಊರಿನಲ್ಲೋ, ಯಾವ ಹುಲ್ಲಿನ ಮೇಲೋ. ಇಷ್ಟು ದಿನ ಇದೆಲ್ಲ ಅವಳೊಳಗೆ ಇಳಿಯಲು ಜಾಗವಿಲ್ಲದೆ ನಿಂತಿತ್ತೇ! ಪ್ರಭಾವತಿಯಮ್ಮನ ಬೆರಳು ಸಡಿಲಾದವು. 'ಹಾಂಗಾರೆ ಕಾಂಬುದ್ ಇದನ್ನೇ' ಎಂದರು, ತಮಗೆ ತಾವೇ.

ಗಂಟೆ ಶುರುವಾಯಿತು. ಶೆಟ್ಟರು ಧಾವಿಸಿ ಬಂದರು, 'ಎಂತ ಉರಾಳ್ರೆ, ಹೊರ್ಗ್ ತಕಂಡ್ ಬಪ್ಪುಕೆ ಇಷ್ಟ್ ಹೊತ್ತಾ, ಅಲ್ಲಿ ಜನ—' ತಾಯಿ ಅವರ ತೋಳು ಹಿಡಿದು ಒಳಗೆ ತೋರಿಸಿದರು. ಶೆಟ್ಟರು ನೋಡಿದರು. ಬಾಯಿ ಹಾಗೆಯೇ ತೆರೆದಿತ್ತು. ಗಂಟೆಯ ಮೇಲೆ ಗಂಟೆ, ಜಾಗಟೆ, ಎಲ್ಲವೂ ತೆಂಗಿನ ತಲೆಗಳ ಮೇಲಿಂದ ತೇಲಿಬಂದು ಲಾಯದ ಹಂಚಿನ ಮೇಲೆ ಬಿದ್ದವು. ಅವಳ ಒಂದು ಕಿವಿ ಅಲುಗಿ ಸುಮ್ಮನಾಯಿತು. ಶೆಟ್ಟರು, ಇಷ್ಟು ದೊಡ್ಡ ಆಳು ಇಷ್ಟು ಸಣ್ಣ ದನಿಯಲ್ಲಿ ಮಾತಾಡಬಲ್ಲರೆಂದು ಯಾರೂ ನಂಬದಂಥ ದನಿಯಲ್ಲಿ, ಕೇಳಿದರು: 'ಅಮ್ಮಾ, ಇನ್ನ್ ಬಗ್ಗುದಿಲ್ಯಾ ಹಂಗಾರೆ ಇದ್?' 'ನಿಂಗ್ ಬಗ್ಗುವವ್ರೇ ಬೇಕಾರೆ ಹೋಟ್ಲಗೆ ವೇಟರ್ ಇಲ್ಯಾ? ಹೋಗ್, ಅವ್ರಿಗ್ ಹೇಳ್.' 'ಎಂತ ಹೇಳುದ್?' 'ವರ್ಗಿತ್ ಅಂತ ಹೇಳ್.' ಶೆಟ್ಟರು ಹೋಗಿ ಏನು ಹೇಳಿದರೋ, ಅಂಗಳದ ಗುಜುಗುಜು ಒಮ್ಮೆ ಏರಿ, ಯಾರೋ ನಕ್ಕು, ಯಾರೋ ಗೊಣಗಿ, ಮೆಲ್ಲಮೆಲ್ಲಗೆ ಇಳಿಯಿತು. ಸೋಮ ಎಲ್ಲರನ್ನೂ 'ಶ್ಶ್' ಎಂದು ಗೇಟಿನವರೆಗೆ ದಾಟಿಸಿಬಂದ; ಅವನ 'ಶ್ಶ್' ಎಲ್ಲರ ಮಾತಿಗಿಂತ ಜೋರಾಗಿತ್ತು. ಪ್ರಭಾವತಿಯಮ್ಮ ಬಾಗಿಲಾಚೆ ಬಕೆಟೊಂದನ್ನು ಬೋರಲು ಹಾಕಿಸಿಕೊಂಡು ಕೂತರು. ಗೋಡೆಗೆ ತಲೆಯಾನಿಸಿದವರ ಕಣ್ಣು ಮೆಲ್ಲಗೆ ಮುಚ್ಚಿಕೊಂಡಿತು.

ಅವಳು ತಾನಾಗಿ ಎದ್ದಳು. ಮುಂಗಾಲು ಚಾಚಿ, ಒಮ್ಮೆ ಕೂತಂತಾಗಿ, ಒಂದೇ ಜೀಕಿಗೆ ಮೇಲೆದ್ದು, ತಲೆಯಿಂದ ಬಾಲದವರೆಗೆ ಮೈ ಕೊಡವಿದಳು. ಬಾಲದಲ್ಲಿ, ಕತ್ತಿನಲ್ಲಿ, ಪಕ್ಕೆಯಲ್ಲಿ, ಕಣ್ಣಿನ ರೆಪ್ಪೆಯಲ್ಲಿ ಕೂಡ ಸುರುಳಿಗಳು. ಜಗತ್ತಿನಲ್ಲಿ ಏನೂ ಆಗಿಲ್ಲವೆಂಬಂತೆ ನೀರಿನ ತೊಟ್ಟಿಗೆ ಬಾಯಿ ಹಾಕಿದಳು. ಹೃಷಿಕೇಶನ ಕಾಲು ಜೋಮು ಹಿಡಿದಿತ್ತು. ಗೋಡೆ ಹಿಡಿದು ಮುಂದೆ ಬಂದ. ಹಾಸಿಗೆಯ ನಡುವೆ ಅವಳು ಮಲಗಿದ್ದ ಜಾಗ ಹಾಗೇ ಉಳಿದಿತ್ತು: ಹೊಟ್ಟೆಯ ಆಳ, ಭುಜದ ಗುಂಡು, ಚಾಚಿದ ಕತ್ತಿನ ಸಣ್ಣ ಕಾಲುವೆ, ತಲೆ ಇಟ್ಟಲ್ಲಿ ಒಂದು ಬೊಗಸೆಯಷ್ಟು ತಗ್ಗು, ಕಾಲುಗಳು ಓಡಿದಲ್ಲಿ ಬೀಸಣಿಗೆಯಂತೆ ಬಿಚ್ಚಿದ ಗೆರೆಗಳು. ಇಡೀ ಒಂದು ಜೀವ ತನ್ನ ಭಾರವನ್ನೆಲ್ಲ ಕೆಳಗಿಟ್ಟು ಹೋದ ಗುರುತು. ಅವನು ಅದರೊಳಗೆ ಅಂಗೈ ಊರಿದ. ಬಿಸಿಯಾಗಿತ್ತು. ಈಗ ಇದನ್ನು ಮಗುಚಬೇಕು, ಗಾಳಿ ಆಡಿಸಬೇಕು, ಒತ್ತಿಹೋದದ್ದನ್ನು ಬಿಡಿಸಿ ಸಮ ಮಾಡಬೇಕು. ಇಲ್ಲವಾದರೆ ತೇವ ಕೂರುತ್ತದೆ, ಮುಂದಿನ ಸಲ ಮಂಡಿಗೆ ನೆಲ ತಾಗುತ್ತದೆ. ಅವನು ಫೋರ್ಕು ತಂದು ತುದಿಯನ್ನು ಅಂಚಿಗೆ ಇಟ್ಟ. ಅಷ್ಟಕ್ಕೇ ಒಂದು ಸುರುಳಿ ಕಳಚಿಕೊಂಡು, ಇಳಿಜಾರಿನಲ್ಲಿ ಉರುಳುತ್ತ ಉರುಳುತ್ತ, ಆಳಕ್ಕೆ ಹೋಗಿ ನಿಂತಿತು. ಅವನು ಕೈ ಹಿಂದೆಗೆದುಕೊಂಡ.